ಕಾರ್ಡು ಒಲ್ಲೆಂದ ಮುಂಜಾನೆ

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂಬುದು ನಮ್ಮ ಅವ್ವನಿಗೆ ಇಂದಿಗೂ ನೆಟ್ಟಗೆ ತಿಳಿದಿಲ್ಲ. ಓಣಿಯ ಹೆಂಗಸರು ಕೇಳಿದರೆ, "ಊರೂರ ತಿರಗಿ ಕಂಪ್ಯೂಟರಿಗಿ ಬೈದು ಬರ್ತಾಳ ನೋಡ್ರಿ" ಎನ್ನುತ್ತಾಳೆ. ತೀರಾ ಸುಳ್ಳೇನೂ ಅಲ್ಲ. ನೌಕರಿ ಪರೀಕ್ಷೆಗಳನ್ನು ಕಂಪ್ಯೂಟರಿನಲ್ಲಿ ನಡೆಸಿಕೊಡುವ ಒಂದು ಕಂಪನಿಯಲ್ಲಿ ನಾನು ತಾಂತ್ರಿಕ ಮೇಲ್ವಿಚಾರಕಿ. ವಿಜಯಪುರದ ಸುತ್ತಮುತ್ತ ಯಾವ ಕಾಲೇಜಿನಲ್ಲಿ ಪರೀಕ್ಷೆ ಇದ್ದರೂ ಹಿಂದಿನ ದಿನವೇ ಹೋಗಿ ಎಲ್ಲ ಜೋಡಿಸಿ, ಮರುದಿನ ಅದು ಮುಗಿಯುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ಬೈಯುವುದು ಅದರ ಜೊತೆಗೆ ಪುಕ್ಕಟೆ.

ಈಗಿನ ಪ್ರಶ್ನೆಪತ್ರಿಕೆ ಅರಗಿನ ಸೀಲು ಹಾಕಿಸಿಕೊಂಡು ಜೀಪಿನಲ್ಲಿ ಬರುವುದಿಲ್ಲ. ಎಲ್ಲೋ ದೂರದ ಊರಿನ ಸರ್ವರಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಪರೀಕ್ಷೆಯ ಮುಂಜಾನೆ ಕಾಲೇಜಿನ ಪ್ರಿನ್ಸಿಪಾಲರು ತಮಗೆ ಕೊಟ್ಟ ಸ್ಮಾರ್ಟ್ ಕಾರ್ಡನ್ನು ಒಂದು ಪುಟ್ಟ ರೀಡರಿನೊಳಗೆ ತೂರಿಸಿ, ಪಿನ್ ಒತ್ತಿ, ಆ ಸರ್ವರಿಗೆ ಲಾಗಿನ್ ಆಗಬೇಕು. ಆಗ ಮಾತ್ರ ಪತ್ರಿಕೆ ಕೇಂದ್ರಕ್ಕೆ ಇಳಿಯುತ್ತದೆ. ಕಾರ್ಡು ಇರುವುದು ಇಲ್ಲಿ, ಬಾಗಿಲು ಇರುವುದು ಅಲ್ಲಿ. ಹೊತ್ತಿಗೆ ಸರಿಯಾಗಿ ಲಾಗಿನ್ ಆಗದಿದ್ದರೆ ಆ ಕೇಂದ್ರದ ಪರೀಕ್ಷೆಯೇ ರದ್ದು. ಪಿನ್ ಸಾಲಾಗಿ ಮೂರು ಸಲ ತಪ್ಪಿದರೆ ಕಾರ್ಡೇ ಬಂದ್ ಆಗುತ್ತದೆ, ಅದನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಪರೀಕ್ಷೆಯ ದಿನ ಮುಗಿದಿರುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ಕು ಇಷ್ಟು ಜನರ ಎದೆ ನಡುಗಿಸಬಹುದೆಂದು ಈ ಕೆಲಸಕ್ಕೆ ಬರುವ ಮೊದಲು ನನಗೆ ಗೊತ್ತಿರಲಿಲ್ಲ.

ಆ ಸಲ ನರ್ಸುಗಳ ಕಾಯಂ ಹುದ್ದೆಗೆ ಪರೀಕ್ಷೆ. ನಮ್ಮ ಕಡೆ ಎರಡು ಕೇಂದ್ರಗಳಿದ್ದವು, ಬಬಲೇಶ್ವರದ್ದು ಒಂದು, ಟಿಕೋಟಾದ್ದು ಒಂದು. ಬಬಲೇಶ್ವರಕ್ಕೆ ನಮ್ಮ ಕಂಪನಿಯ ಇನ್ನೊಬ್ಬ ಹೋಗಿದ್ದ. ಟಿಕೋಟಾ ನನ್ನ ಪಾಲಿಗೆ ಬಂತು. ಕಾಲೇಜು ಊರ ಹೊರಗೆ, ದ್ರಾಕ್ಷಿ ತೋಟಗಳ ಮಗ್ಗುಲಲ್ಲಿತ್ತು. ಪ್ರಿನ್ಸಿಪಾಲರು ನಿಡೋಣಿ ಊರಿನವರು, ನಿವೃತ್ತಿಗೆ ಹತ್ತಿರವಾದವರು, ಕಾರ್ಡನ್ನು ಲಿಂಗದ ಕರಡಿಗೆಯ ಹಾಗೆ ಎದೆಯ ಜೇಬಿನಲ್ಲಿಟ್ಟುಕೊಂಡು ಮೇಲಿಂದ ಮೇಲೆ ಮುಟ್ಟಿ ನೋಡಿಕೊಳ್ಳುವವರು. ಅವರ ಬಲಗೈ ಎಂದರೆ ಅಲ್ಲಿಯ ಸಿಪಾಯಿ ಕಾಕಾ. ಗೇಟು ತೆಗೆಯುವುದು, ಗಂಟೆ ಬಾರಿಸುವುದು, ಚಹಾ ತರುವುದು, ಸಿಬ್ಬಂದಿಯ ಹೆಬ್ಬೆಟ್ಟಿನ ಹಾಜರಿ ಮಷೀನು ನೋಡಿಕೊಳ್ಳುವುದು ಎಲ್ಲ ಅವನೇ. ಹಿಂದಿನ ದಿನ ಸಂಜೆ ಪ್ರಿನ್ಸಿಪಾಲರು ನನ್ನೆದುರೇ ಕಾರ್ಡು ಹಾಕಿ, ಪಿನ್ ಒತ್ತಿ ನೋಡಿದರು. ಸರ್ವರು ಒಂದೇ ಏಟಿಗೆ ಒಳಗೆ ಬಿಟ್ಟಿತು. "ಆತಲ್ರಿ ಮೇಡಂ, ನಾಳಿ ಚಿಂತಿಲ್ಲ" ಎಂದು ಅವರು ನಕ್ಕರು. ನಾನೂ ನಕ್ಕೆ.

ಹೊರಗೆ ಬಂದರೆ ಗೇಟಿನ ಬಳಿ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯಳ ಕಂಕುಳಲ್ಲಿ ಕೂಸು, ಹಿರಿಯಳ ಕೈಯಲ್ಲಿ ಬುತ್ತಿಯ ಚೀಲ.

"ಅಕ್ಕಾರ, ನಾಳಿ ನನ್ನ ಪರೀಕ್ಷಾ ಇಲ್ಲೇ ಐತ್ರಿ. ಜಾಗಾ ನೋಡಿ ಹೋಗೋಣಂತ ಬಂದೇವ್ರಿ" ಎಂದಳು ಕಿರಿಯಳು. ಬಿಜ್ಜರಗಿಯವಳಂತೆ. ನರ್ಸಿಂಗ್ ಕಲಿತು ವಿಜಯಪುರದ ಖಾಸಗಿ ಆಸ್ಪತ್ರೆಗಳಲ್ಲಿ ಇವತ್ತು ಬಾ, ನಾಳೆ ಬೇಡ ಎನ್ನುವಂಥ ಕೆಲಸ ಮಾಡಿದವಳು. ಗಂಡ ಊರಲ್ಲಿ ಕುರಿ ಸಾಕಿದ್ದ.

"ಕೂಸಿನ್ನ ಒಳಗ ಬಿಡಂಗಿಲ್ಲವಾ, ಮದಲ ಹೇಳೇನಿ" ಎಂದೆ ನಾನು.

ಹಿರಿಯಳು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿದಳು. ಆಕೆ ಅತ್ತೆ. "ಕೂಸಿನ ಚಿಂತಿ ನಿನಗ್ಯಾಕ ಯವ್ವಾ? ನಾ ಆ ಬೇವಿನ ಗಿಡದ ಬುಡಕ ಕುಂಡ್ರತೇನಿ. ಈಕಿ ಒಳಗ ಕುಂತು ಬರದು ಬಂದ್ರ ಸಾಕ."

"ಮುಂದಿನ ಸಲ ನನಗ ವಯಸ್ಸು ದಾಟ್ತೈತ್ರಿ ಅಕ್ಕಾರ. ಇದ ಕಡೀದು" ಎಂದಳು ಸೊಸೆ. "ಇದೂ ಆಗ್ಲಿಲ್ಲಂದ್ರ ನಾನೂ ಕುರಿ ಹಿಂದ ಹೋಗೋದ." ಹೀಗೆಂದು ನಕ್ಕಳು. ಆದರೆ ಕೂಸನ್ನು ಹಿಡಿದ ಕೈ ಬಿಗಿಯಾಗಿತ್ತು. ನಾನು ಅವಳಿಗೆ ಕೂರುವ ಕೋಣೆ ಯಾವ ಕಡೆ ಎಂದು ತೋರಿಸಿ, ಒಂಬತ್ತೂವರೆಗೆ ಗೇಟು ಮುಚ್ಚುತ್ತದೆ, ಆಮೇಲೆ ದೇವರು ಬಂದರೂ ತೆಗೆಯುವುದಿಲ್ಲ ಎಂದು ಎಚ್ಚರಿಸಿ ಮನೆಗೆ ಬಂದೆ.

ನಮ್ಮ ಮನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಆ ಮನೆಯಲ್ಲಿ ಯಾವ ಗಡಿಯಾರವೂ ಖರೆ ಹೇಳುವುದಿಲ್ಲ. ನಾನು ಶಾಲೆಗೆ ಹೋಗುವಾಗಿನಿಂದ ಅವ್ವ ನನ್ನ ಕೈಗಡಿಯಾರವೂ ಸೇರಿ ಎಲ್ಲವನ್ನೂ ಹತ್ತು ನಿಮಿಷ ಮುಂದೆ ಇಟ್ಟಿದ್ದಾಳೆ. ಓಣಿಯಲ್ಲಿ ಇದೇನು ದೊಡ್ಡ ಸಂಗತಿಯಲ್ಲ, ಹತ್ತು ಮನೆಯಲ್ಲಿ ಎಂಟು ಮನೆ ಹೀಗೇ. ಬಸ್ಸು ತಪ್ಪಬಾರದು, ಅಷ್ಟೇ. ಆ ಮುಂಜಾನೆಯೂ ನಾನು ಜಡೆ ಹೆಣೆಯುತ್ತಿದ್ದರೆ ಅಡಿಗೆಮನೆಯಿಂದ ಒದರಿದಳು: "ಹೊತ್ತಾತು, ಗಡಿಯಾರ ನೋಡ! ಭಕ್ಕರಿ ಆರಾಕತ್ತಾವು, ಬಾ ಬೇ!" ನಾನು ಗಡಿಯಾರ ನೋಡಿದೆ, ಹತ್ತು ಕಳೆದೆ, ನಿಧಾನಕ್ಕೆ ಉಂಡೆ, ಸ್ಕೂಟಿ ಹತ್ತಿದೆ. ಲೆಕ್ಕ ಮಾಡುತ್ತೇನೆಂದು ಗೊತ್ತೇ ಆಗದಷ್ಟು ರೂಢಿಯಾಗಿಬಿಟ್ಟ ಲೆಕ್ಕ ಅದು.

ಕೇಂದ್ರ ಮುಟ್ಟಿದ ಕೂಡಲೇ ನಿಯಮದಂತೆ ನಮ್ಮೆಲ್ಲರ ಮೊಬೈಲುಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಸೀಲು ಮಾಡಿದರು. ಪರೀಕ್ಷೆ ಮುಗಿಯುವವರೆಗೆ ಹೊರಗಿನ ಜಗತ್ತಿಗೂ ನಮಗೂ ಇರುವ ಸಂಬಂಧ ಪ್ರಿನ್ಸಿಪಾಲರ ಮೇಜಿನ ಮೇಲಿನ ಹಳೆಯ ಫೋನು ಮಾತ್ರ. ಅಭ್ಯರ್ಥಿಗಳು ಬರತೊಡಗಿದ್ದರು. ಪ್ರಿನ್ಸಿಪಾಲರು ಜೇಬಿನಿಂದ ಕಾರ್ಡು ತೆಗೆದು, ಕಣ್ಣಿಗೊತ್ತಿಕೊಂಡು, ರೀಡರಿಗೆ ಹಾಕಿ ಪಿನ್ ಒತ್ತಿದರು.

ಪರದೆಯ ಮೇಲೆ ಒಂದು ಸಣ್ಣ ಡಬ್ಬಿ ಮೂಡಿತು. ಲಾಗಿನ್ ಸಾಧ್ಯವಾಗಲಿಲ್ಲ, ನಿಮ್ಮ ಗುರುತನ್ನು ಪರಿಶೀಲಿಸಲಾಗಲಿಲ್ಲ.

"ಏನ್ರೀ ಇದು?" ಎಂದರು ಪ್ರಿನ್ಸಿಪಾಲರು.

"ಏನಿಲ್ರಿ ಸರ್, ಒಮ್ಮೊಮ್ಮೆ ಹಿಂಗ ಮಾಡ್ತೈತಿ" ಎಂದೆ. ಕಾರ್ಡು ತೆಗೆದು ಅದರ ಚಿಪ್ ಅನ್ನು ಓಢಣಿಯ ಅಂಚಿನಿಂದ ಒರೆಸಿದೆ. ರೀಡರಿನ ವೈರನ್ನು ಬೇರೆ ಕಿಂಡಿಗೆ ಹಾಕಿದೆ. ಹಸಿರು ದೀಪ ಹತ್ತಿತು, ಕಾರ್ಡು ಇದೆ ಎಂದು ಆಚೆಯ ಸರ್ವರಿನ ಕಿಟಕಿಯೂ ತೋರಿಸಿತು. ಮತ್ತೇನಾಗಿದೆ ಇದಕ್ಕೆ ಧಾಡಿ?

ನಾನು ಮೇಜಿನ ಕೆಳಗೆ ಬಗ್ಗಿ ವೈರು ನೋಡುತ್ತಿದ್ದಾಗ ಪ್ರಿನ್ಸಿಪಾಲರು ಗಾಬರಿಯಲ್ಲಿ ಒಂದು ಅನಾಹುತ ಮಾಡಿದರು. ತಾವು ಪಿನ್ ತಪ್ಪು ಒತ್ತಿರಬೇಕೆಂದುಕೊಂಡು ಬೇರೆ ಅಂಕಿ ಒತ್ತಿದರು. ಅದು ಅವರ ಬ್ಯಾಂಕ್ ಕಾರ್ಡಿನ ಪಿನ್. ಪಿನ್ ತಪ್ಪಾಗಿದೆ ಎಂದು ಪರದೆ ಹೇಳಿತು. ಆ ಗಾಬರಿಗೆ ಮತ್ತೊಮ್ಮೆ ಏನೋ ಒತ್ತಿದರು. ನಾನು ತಲೆ ಎತ್ತಿದಾಗ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಇನ್ನು ಒಂದೇ ಅವಕಾಶ.

"ಸರ್! ಕೈ ತಗೀರಿ! ಕೀಬೋರ್ಡ್ ಮುಟ್ಟಬ್ಯಾಡ್ರಿ!" ಎಂದು ಚೀರಿಯೇಬಿಟ್ಟೆ. ತಂದೆಯ ವಯಸ್ಸಿನ ಮನುಷ್ಯ, ಬಿಸಿ ಹಂಚು ಮುಟ್ಟಿದ ಮಕ್ಕಳಂತೆ ಎರಡೂ ಕೈ ಹಿಂದಕ್ಕೆಳೆದುಕೊಂಡರು. ನನಗೆ ಪಾಪ ಅನಿಸಿತು, ಸಿಟ್ಟೂ ಬಂತು.

"ಮದಲನೇ ಸಲ ಒತ್ತಿದ್ದು ಯಾವುದ್ರಿ?"

"ನಿನ್ನಿ ಒತ್ತಿದ್ದ ನಂಬರ. ಅದ ಇರಬೇಕ್ರಿ. ಅಲ್ಲಾ... ಈಗ ನನಗ ಡೌಟ್ ಬರಾಕತ್ತೈತ್ರಿ ಮೇಡಂ."

ನಾನು ನಿಧಾನಕ್ಕೆ ಯೋಚಿಸಲು ನೋಡಿದೆ. ಮೊದಲ ಸಲ ಬಂದ ಮಾತಿನಲ್ಲಿ ಪಿನ್ನಿನ ಹೆಸರೇ ಇರಲಿಲ್ಲ. ಎರಡನೆಯದರಲ್ಲಿ, ಮೂರನೆಯದರಲ್ಲಿ ಇತ್ತು. ಅಂದರೆ ಮೊದಲು ಒತ್ತಿದ್ದೇ ಸರಿ, ಕಾರ್ಡು ಅದನ್ನು ಒಪ್ಪಿತ್ತು. ಒಪ್ಪದೇ ಇದ್ದದ್ದು ದೂರದ ಸರ್ವರು. ದೇವರು ಕೊಟ್ಟರೂ ಪೂಜಾರಿ ಕೊಡವಲ್ಲ ಎಂದ ಹಾಗಾಯಿತು. ಆದರೆ ಯಾಕೆ ಕೊಡವಲ್ಲ?

ಇಂಥ ಹೊತ್ತಿಗೆ ಏನೇನು ನೋಡಬೇಕೆಂಬುದು ನನಗೆ ಬಾಯಿಪಾಠ. ಕಾರ್ಡಿನ ಅವಧಿ ಮುಗಿದಿದೆಯೇ? ಇಲ್ಲ. ಇಂಟರ್ನೆಟ್ಟು? ಇದೆ. ಕಾರ್ಡು ಓದುವ ಸಾಫ್ಟ್‌ವೇರ್ ಬಂದ್ ಮಾಡಿ ಚಾಲೂ ಮಾಡಿದೆ. ಕಂಪ್ಯೂಟರಿನ ಗಡಿಯಾರವನ್ನೂ ನೋಡಿದೆ. ಕಾರ್ಡಿನ ಮಾತು ಸರ್ವರಿಗೆ ಹೋಗುವಾಗ ಇಲ್ಲಿಯ ಸಮಯದ ಗುರುತು ಹಾಕಿಸಿಕೊಂಡೇ ಹೋಗುತ್ತದೆ. ಎರಡೂ ಕಡೆಯ ಗಡಿಯಾರಗಳಿಗೆ ಐದು ನಿಮಿಷಕ್ಕಿಂತ ಹೆಚ್ಚು ಫರಕು ಬಂದರೆ, ಇದು ಯಾರೋ ಕಳ್ಳರ ಆಟ ಎಂದುಕೊಂಡು ಸರ್ವರು ಬಾಗಿಲು ಹಾಕಿಬಿಡುತ್ತದೆ. ಆದ್ದರಿಂದ ಕೈಗಡಿಯಾರ ನೋಡಿದೆ, ಕಂಪ್ಯೂಟರ್ ನೋಡಿದೆ, ಪ್ರಿನ್ಸಿಪಾಲರ ತಲೆಯ ಮೇಲಿನ ಗೋಡೆ ಗಡಿಯಾರವನ್ನೂ ನೋಡಿದೆ. ಮೂರೂ ಒಂದೇ ಹೇಳುತ್ತಿದ್ದವು. ಬರೋಬರಿ ಇದೆ ಎಂದು ಮುಂದಕ್ಕೆ ಹೋದೆ.

ಸಹಾಯವಾಣಿಗೆ ಫೋನು ಹಚ್ಚಿದೆ. ಆಚೆಯವಳು ಸಕ್ಕರೆಯಂಥ ದನಿಯಲ್ಲಿ ಕಾರ್ಡು ತೆಗೆದು ಹಾಕಿ ನೋಡಿ ಎಂದಳು. ನೋಡಿದೆ ತಾಯಿ ಎಂದೆ. ಕಂಪ್ಯೂಟರ್ ಬಂದ್ ಮಾಡಿ ಶುರು ಮಾಡಿ ಎಂದಳು. ಅದನ್ನೂ ಮಾಡಿದೆ. ಹಾಗಾದರೆ ನಿಮ್ಮ ದೂರನ್ನು ಮೇಲಕ್ಕೆ ಕಳಿಸುತ್ತೇನೆ, ಒಂಬತ್ತೂ ಮುಕ್ಕಾಲರೊಳಗೆ ಲಾಗಿನ್ ಆಗದಿದ್ದರೆ ನಿಮ್ಮ ಕೇಂದ್ರ ತಾನಾಗಿಯೇ ರದ್ದಾಗುತ್ತದೆ ಎಂದಳು. ಶುಭದಿನ ಎಂದೂ ಹಾರೈಸಿದಳು. ಅವಳ ನಾಲಿಗೆಗೆ ನಾನು ಮನಸ್ಸಿನಲ್ಲಿ ಏನೇನು ಹಾರೈಸಿದೆನೋ ಇಲ್ಲಿ ಬರೆಯುವಂತಿಲ್ಲ.

ಅಷ್ಟರಲ್ಲಿ ಹೊರಗೆ ಗಂಟೆ ಬಡಿಯಿತು. ಸಿಪಾಯಿ ಕಾಕಾ ಗೇಟು ಎಳೆದು ಕೊಂಡಿ ಹಾಕುವುದು ಕಿಟಕಿಯಿಂದ ಕಂಡಿತು. ಒಬ್ಬ ಬೈಕಿನವನು ಗೇಟಿನತನಕ ಬಂದು, ಕ್ಷಣ ನಿಂತು, ಗಾಡಿ ತಿರುಗಿಸಿಕೊಂಡು ಹೋದ. ನಾನು ಮತ್ತೆ ಪರದೆಯ ಕಡೆ ತಿರುಗಿದೆ.

ಒಳಗಿನ ಕೋಣೆಗಳಲ್ಲಿ ಅಭ್ಯರ್ಥಿಗಳು ಖಾಲಿ ಪರದೆ ನೋಡುತ್ತ ಕೂತಿದ್ದರು. ಅವರ ಪಿಸುಮಾತು ಕೇಳಿಸುತ್ತಿತ್ತು. ಕೇಂದ್ರ ರದ್ದಾದರೆ ಇವರಿಗೆ ಮತ್ತೆಂದು ಪರೀಕ್ಷೆ? ನಡೆಸಿದರೂ ಆ ಬಿಜ್ಜರಗಿಯವಳ ವಯಸ್ಸು ಕಾಯುತ್ತದೆಯೇ? ಅವಳು ಯಾವ ಕೋಣೆಯಲ್ಲಿ ಕೂತಿದ್ದಾಳೋ ಎಂದುಕೊಳ್ಳುವಷ್ಟರಲ್ಲಿ ಗೇಟಿನ ಕಡೆಯಿಂದ ಗುರುತಿನ ದನಿ ಬಂತು.

"ಯಪ್ಪಾ, ಬಾಗಲಾ ತಗಿ! ಇನ್ನ ಹೊತ್ತಾಗಿಲ್ಲ!"

ಅತ್ತೆ ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದಳು. ಹಿಂದೆ ಸೊಸೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಹಾಲ್ ಟಿಕೆಟ್ಟು. ಅಷ್ಟು ಸಾರಿ ಸಾರಿ ಹೇಳಿದ್ದೆನಲ್ಲ, ಹಾಳಾದವರು ಇವತ್ತೇ ತಡಮಾಡಬೇಕೇ?

"ಗೇಟ್ ಬಂದ್ ಆಗೈತಿ ಯವ್ವಾ, ನನ್ನ ಕೈಯಾಗಿಲ್ಲ" ಎನ್ನುತ್ತಿದ್ದ ಕಾಕಾ.

"ಮೊಬೈಲ್ ನೋಡೋ ಯಪ್ಪಾ! ಇನ್ನ ಟೈಮ್ ಐತಿ ಅಂತ ನನ್ನ ಸೊಸಿ ಓದಿ ಹೇಳಾಕತ್ತಾಳ. ನಿಮ್ಮ ಗಡಿಯಾರಕ್ಕ ಬೆಂಕಿ ಹತ್ತಲಿ!"

ತಡವಾಗಿ ಬಂದವರೆಲ್ಲ ಹೇಳುವ ಮಾತೇ ಇದು. ಆದರೂ ಪ್ರಿನ್ಸಿಪಾಲರ ಮುಖ ನೋಡಿದೆ. ಅವರು ಗೇಟಿನ ಮೇಲಿನ ಕ್ಯಾಮೆರಾದ ಕಡೆ ಬೆರಳು ಮಾಡಿ ತಲೆ ಅಲ್ಲಾಡಿಸಿದರು. "ಒಬ್ಬರಿಗೆ ಬಿಟ್ರ ನಾಳಿ ನನ್ನ ನೌಕರಿಗಿ ಬರ್ತೈತ್ರಿ. ಮದಲ ಇದನ್ನ ನೋಡ್ರಿ. ಇದ ಆಗ್ಲಿಲ್ಲಂದ್ರ ಒಳಗಿದ್ದವರಿಗೂ ಇಲ್ಲ, ಹೊರಗಿದ್ದವರಿಗೂ ಇಲ್ಲ." ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಂಕಟವಾಯಿತು. ಸ್ವಲ್ಪ ಹೊತ್ತು ಅತ್ತೆಯ ದನಿ ಕೇಳಿಸಿತು, ಆಮೇಲೆ ನಿಂತಿತು.

ಆಗ ಮೇಜಿನ ಮೇಲಿನ ಫೋನು ರಿಂಗಣಿಸಿತು. ಬಬಲೇಶ್ವರದ ಸಹೋದ್ಯೋಗಿ.

"ಮೇಡಂ, ನಿಮ್ಮ ಸೆಂಟರ್ ಇನ್ನ ಕೆಂಪ ತೋರಸಾಕತ್ತೈತಿ ಅಂತ ಆಫೀಸಿಂದ ಹೇಳಿದ್ರು. ಏನಾತ್ರಿ?"

"ಏನಾತೋ ತಿಳಿವಲ್ದಪ್ಪ. ನಿಂದು ಲಾಗಿನ್ ಆತೇನು?"

"ಆವಾಗ್ಲೇ ಆತ್ರಿ, ಒಂದ ಹೊಡ್ತಕ್ಕ. ನಾ ಈಗ ಗೇಟ್ ಕಡೆ ಹೊಂಟೇನ್ರಿ. ಭಾಳ ಗದ್ದಲ ಐತಿ, ಮಂದಿ ಇನ್ನ ಬರಾಕತ್ತಾರ."

"ಬರಾಕತ್ತಾರ? ಗೇಟ್ ಹಾಕಿಲ್ಲೇನು?"

"ಇಷ್ಟ ಲಗೂನ ಯಾಕ ಹಾಕೋದ್ರಿ? ಇನ್ನ ಟೈಮ್ ಐತಲ್ರಿ."

ಬಬಲೇಶ್ವರಕ್ಕೂ ಟಿಕೋಟಾಕ್ಕೂ ಬೇರೆ ಬೇರೆ ಸೂರ್ಯ ಹುಟ್ಟುತ್ತಾನೆಯೇ? "ಈಗ ಎಷ್ಟಾಗೈತಿ ಹೇಳು, ನಿನ್ನ ಸರ್ವರಿನ ಮ್ಯಾಲ ನೋಡಿ ಹೇಳು" ಎಂದೆ. ಅವನು ಹೇಳಿದ. ನಾನು ಕೈಗಡಿಯಾರ ನೋಡಿದೆ. ಸರಿಯಾಗಿ ಹತ್ತು ನಿಮಿಷ ಮುಂದೆ.

ಅವ್ವನ ಹತ್ತು ನಿಮಿಷ. ದಿನಾ ಮುಂಜಾನೆ ಅರಿವಿಲ್ಲದೆ ಕಳೆಯುವ ಆ ಹತ್ತನ್ನು ಕಳೆಯಲೇಬೇಕಾದ ಒಂದು ದಿನ, ಗಾಬರಿಯಲ್ಲಿ, ಕಳೆದಿರಲಿಲ್ಲ. ಕಂಪ್ಯೂಟರಿನ ಸುಳ್ಳನ್ನು ನನ್ನ ಕೈಯಲ್ಲಿದ್ದ ಸುಳ್ಳಿಗೆ ಹೋಲಿಸಿ, ಎರಡೂ ಕೂಡಿದ್ದಕ್ಕೆ ಖರೆ ಎಂದು ನಂಬಿದ್ದೆ.

"ಕಾಕಾ!" ಎಂದು ಕೂಗಿದ ಕೂಗಿಗೆ ಅವನು ಓಡಿ ಬಂದ. "ಈ ಕಂಪ್ಯೂಟರಿನ ಟೈಮ್ ಯಾರ ಬದಲಿ ಮಾಡ್ಯಾರ?"

"ನಾನ್ರೀ ಮೇಡಮ್ಮಾರ" ಎಂದ, ಶಾಬಾಸ್ ಎನ್ನುತ್ತೇನೆಂಬ ಮುಖ ಮಾಡಿ. "ಮುಂಜಾನಿ ಬಂದು ನೋಡಿದ್ರ ಹಿಂದ ಬಿದ್ದಿತ್ರಿ. ಗ್ವಾಡಿ ಗಡಿಯಾರಕ್ಕ ಕೂಡಿಸಿ ಇಟ್ಟೆ. ಪರೀಕ್ಷಾ ದಿನ, ಹೆಚ್ಚು ಕಡಿಮಿ ಆಗಬಾರದಲ್ರಿ."

ಪ್ರಿನ್ಸಿಪಾಲರು ತಲೆ ಎತ್ತಿ ಗೋಡೆ ಗಡಿಯಾರ ನೋಡಿದರು. ಪ್ರಾಧ್ಯಾಪಕರು ಹೊತ್ತಿಗೆ ಸರಿಯಾಗಿ ಬರಲೆಂದು ಅದನ್ನು ಮುಂದೆ ಇಡಿಸಿದವರು ಅವರೇ. ಹಾಜರಿ ಮಷೀನು ಅದಕ್ಕೆ ಕೂಡಿಸಿದ್ದು, ಗಂಟೆ ಬಾರಿಸುವುದು ಅದನ್ನು ನೋಡಿ. ಕಾಕಾನ ಪಾಲಿಗೆ ಆ ಗೋಡೆಯ ಮೇಲಿದ್ದದ್ದೇ ಸರಕಾರಿ ಸಮಯ. ಬೈಯಲು ಬಾಯಿ ತೆರೆದಿದ್ದೆ, ಬೈಗುಳ ಬರಲಿಲ್ಲ. ನನ್ನ ಮಣಿಕಟ್ಟಿನ ಮೇಲೆಯೂ ಅದೇ ಸುಳ್ಳು ಟಿಕ್ ಟಿಕ್ ಎನ್ನುತ್ತಿತ್ತು.

"ಹಂಗಂದ್ರ ಗೇಟ್..." ಎಂದರು ಪ್ರಿನ್ಸಿಪಾಲರು.

"ಹತ್ತ ನಿಮಿಷ ಮದಲ ಹಾಕೇವ್ರಿ ಸರ್. ಅವರು ತಡಾ ಮಾಡಿಲ್ಲ. ಕಾಕಾ, ಓಡ್ರಿ, ಗೇಟ್ ತಗೀರಿ, ಆ ಬಾಣಂತಿನ್ನ ಕರೀರಿ!"

ಅವನು ಓಡಿದ. ನನಗೂ ಓಡಬೇಕಿತ್ತು. ಆದರೆ ಕಾರ್ಡಿಗೆ ಒಂದೇ ಅವಕಾಶ ಉಳಿದಿತ್ತು, ಪ್ರಿನ್ಸಿಪಾಲರು ಆಗಲೇ ಕೀಬೋರ್ಡಿನ ಕಡೆ ಬಾಗಿದ್ದರು. ಅವರನ್ನು ಒಬ್ಬರನ್ನೇ ಬಿಟ್ಟು ಹೋದರೆ ಮುಗಿಯಿತು. ಕಂಪ್ಯೂಟರಿನ ಸಮಯವನ್ನು ಹಿಂದಕ್ಕೆ ತಂದೆ. ಅವರ ಪಕ್ಕದಲ್ಲಿ ನಿಂತು, "ಸರ್, ನಿನ್ನಿ ಒತ್ತಿದ್ದ ನಂಬರ. ಅದು ಖರೇ ಐತಿ. ಒಂದೊಂದ ಅಂಕಿ ಬಾಯಿಲೆ ಅನಬ್ಯಾಡ್ರಿ, ಮನಸಿನ್ಯಾಗ ಅಂದು ಒತ್ತರಿ" ಎಂದು ಬೇರೆ ಕಡೆ ಮುಖ ತಿರುಗಿಸಿದೆ. ಕೀಲಿಗಳ ಸದ್ದು ಒಂದೊಂದಾಗಿ ಕೇಳಿಸಿತು. ಕೊನೆಯದಕ್ಕೆ ಮೊದಲು ಅವರು ತಡೆದರು. ಆಮೇಲೆ ಒತ್ತಿದರು.

ಪರದೆ ಕಪ್ಪಾಯಿತು. ಸತ್ತೆವು ಎಂದುಕೊಂಡೆ. ಮರುಕ್ಷಣ ನೀಲಿ ಕಿಟಕಿ ತೆರೆದು, ಟಿಕೋಟಾ ಕೇಂದ್ರಕ್ಕೆ ಸ್ವಾಗತ ಎಂದಿತು. ಪ್ರಿನ್ಸಿಪಾಲರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು, ಕಣ್ಣ ತುದಿಯಲ್ಲಿ ನೀರು. ನನಗೆ ನಲಿಯಲು ಪುರಸೊತ್ತಿರಲಿಲ್ಲ, ಬಾಗಿಲಲ್ಲಿ ಕಾಕಾ ಏದುಸಿರು ಬಿಡುತ್ತ ನಿಂತಿದ್ದ.

"ಯಾರೂ ಇಲ್ರಿ ಮೇಡಮ್ಮಾರ. ಹೋಗ್ಯಾರ."

ಗೇಟು ನಿಜವಾಗಿ ಮುಚ್ಚಬೇಕಾದ ಹೊತ್ತಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ನಾನು ಚಪ್ಪಲಿ ಬಿಟ್ಟು ಓಡಿದೆ. ಗೇಟು ದಾಟಿ ರಸ್ತೆಗೆ ಬಂದರೆ ಎಡಕ್ಕೂ ಯಾರಿಲ್ಲ, ಬಲಕ್ಕೂ ಯಾರಿಲ್ಲ. ಒಂದು ಟಂಟಂ ಗಾಡಿ ಧೂಳೆಬ್ಬಿಸಿಕೊಂಡು ಬಿಜ್ಜರಗಿಯ ಕಡೆ ಹೋಗುತ್ತಿತ್ತು. ಅದರಲ್ಲೇ ಹತ್ತಿ ಹೋದರೇನು? ಆಗ ದ್ರಾಕ್ಷಿ ತೋಟದ ಬೇಲಿಯಾಚೆ, ಔಷಧಿ ಹೊಡೆಯುವ ಡ್ರಮ್ಮುಗಳ ನೆರಳಿನಲ್ಲಿ ಹಸಿರು ಸೀರೆ ಕಂಡಿತು. ಸೊಸೆ ನೆಲಕ್ಕೆ ಕೂತು ಕೂಸಿಗೆ ಮೊಲೆ ಕೊಡುತ್ತಿದ್ದಳು. ಅತ್ತು ಮುಗಿಸಿದ ಮುಖ. ಹಾಲ್ ಟಿಕೆಟ್ಟನ್ನು ಮಡಚಿ ಬುತ್ತಿಯ ಚೀಲದೊಳಗೆ ತುರುಕಿದ್ದಳು.

"ಏಳವಾ! ಗೇಟ್ ತಗದೈತಿ! ಲಗೂನ ಏಳು!"

ಅವಳು ನನ್ನನ್ನು ನೋಡಿದಳು, ಏಳಲಿಲ್ಲ. ಮಾತು ತಲೆಗೆ ಹೋಗಿರಲಿಲ್ಲ. ಅತ್ತೆಗೆ ಮಾತ್ರ ಹೋಯಿತು. ಆಕೆ ಬಗ್ಗಿ ಕೂಸನ್ನು ಎದೆಯಿಂದ ಕಿತ್ತಳು. ಅದು ಬಿಡಲೊಲ್ಲದು, ಸೆರಗು ಹಿಡಿದು ಚೀರಿತು.

"ಬಿಡಲೇ ಭಾಡ್ಯಾ, ಬಿಡ! ನಿಮ್ಮವ್ವ ನೌಕರಿಗಿ ಹೊಂಟಾಳ!" ಎಂದು ಅದರ ಮುಷ್ಟಿ ಬಿಡಿಸಿ, ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, ಬೆನ್ನಿಗೊಂದು ಗುದ್ದಿದಳು. "ಓಡ! ಕುಬಸದ ಗುಂಡಿ ಓಡ್ಕೋತ ಹಾಕ್ಕೋ!"

ಅವಳು ಓಡಿದಳು. ಚೀಲದಿಂದ ಹಾಲ್ ಟಿಕೆಟ್ಟು ಎಳೆದುಕೊಂಡು ಹಿಂದೆ ನಾನು ಓಡಿದೆ. ಗೇಟಿನೊಳಗೆ ಅವಳು ಕಾಲಿಟ್ಟಾಗ ಕಾಕಾ ಕೊಂಡಿ ಹಿಡಿದುಕೊಂಡೇ ನಿಂತಿದ್ದ. ಪ್ರಿನ್ಸಿಪಾಲರು ಮೆಟ್ಟಿಲ ಮೇಲೆ ಬಂದು ನಿಂತು, ಕ್ಯಾಮೆರಾಕ್ಕೂ ಕೇಳಲಿ ಎಂಬಂತೆ ಜೋರಾಗಿ, "ಸರಿಯಾದ ವೇಳೆಗೆ ಬಂದಿದ್ದಾರೆ, ಒಳಗೆ ಬಿಡಿ" ಎಂದರು. ಅಲ್ಲಿಗೆ ಗೇಟು ಮುಚ್ಚಿತು.

ಪರೀಕ್ಷೆ ಶುರುವಾಗಿ ಎಲ್ಲ ತಣ್ಣಗಾದ ಮೇಲೆ ನಾನು ಬೇವಿನ ಗಿಡದ ಬುಡಕ್ಕೆ ಹೋದೆ. ಕೂಸು ಅತ್ತು ಅತ್ತು ಅತ್ತೆಯ ತೊಡೆಯ ಮೇಲೆ ಮಲಗಿತ್ತು. ಕಾಕಾ ಚಹಾ ತಂದು ಕೊಟ್ಟು, ತಪ್ಪು ಮಾಡಿದವನಂತೆ ಅಲ್ಲೇ ನಿಂತ. ಏನಾಗಿತ್ತೆಂದು ಅತ್ತೆ ಕೇಳಿದಳು. ಕಾರ್ಡು, ಸರ್ವರು ಎಂದೆಲ್ಲ ಹೇಳಿ ಪ್ರಯೋಜನವಿಲ್ಲವೆಂದು, ಕಾಲೇಜಿನ ಗಡಿಯಾರ ಹತ್ತು ನಿಮಿಷ ಮುಂದಿತ್ತು ಎಂದಷ್ಟೇ ಹೇಳಿದೆ.

"ನಮ್ಮನ್ಯಾಗೂ ಮುಂದ ಐತಿ ಯವ್ವಾ. ಅದಕ್ಕ ಇವತ್ತ ಹೊತ್ತಿಗಿ ಮುಟ್ಟೇವಿ" ಎಂದಳು. ಚಹಾ ಬಸಿಗೆ ಸುರಿದುಕೊಂಡು ಊದಿದಳು. "ಮುಂದ ಇಡೂದು ನಾವು ಮುಟ್ಟಾಕ. ಮುಟ್ಟಿದವರ ಮಾರಿಗಿ ಬಾಗಲಾ ಬಡ್ಯಾಕ ಅಲ್ಲ. ನಾ ಒದರಿದ್ದಕ್ಕ ಆತು ನೋಡು. ಬಾಯಿದ್ದಾಂವ ಬರಗಾಲದಾಗೂ ಬದುಕ್ಯಾನಂತ."

ನಾನು ನಕ್ಕೆ. ಅಷ್ಟು ಹೊತ್ತಿನ ಬಿಗಿತವೆಲ್ಲ ಸಡಿಲಾಗಿ, ನಗು ಕಣ್ಣೀರಿನ ತನಕ ಬಂತು. ಕಾಕಾ ನಗಲಿಲ್ಲ.

"ಮೇಡಮ್ಮಾರ" ಎಂದ. "ಇವರಕಿಂತ ಮದಲ ಒಬ್ಬಾಂವ ಬಂದಿದ್ನ್ರಿ. ಬೈಕ್ ಮ್ಯಾಲ. ಹಾಲ್ ಟಿಕೆಟ್ ಕೈಯಾಗಿತ್ತು. ಗೇಟ್ ಹಾಕೈತಿ ಅಂದೆ. 'ಹೌದ್ರಿ?' ಅಂದ. ಅಷ್ಟ. ವಾದಾ ಮಾಡಲಿಲ್ಲ, ಬೇಡಿಕೊಳ್ಳಲಿಲ್ಲ. ತಿರುಗಿ ಹೋದ."

ಕಿಟಕಿಯಿಂದ ಕಂಡ ಬೈಕು ನೆನಪಾಯಿತು. ನಾನು ಎದ್ದು ರಸ್ತೆಗೆ ಹೋದೆ. ಬಿಸಿಲು ಏರಿತ್ತು, ಹೋಗಿ ಬಹಳ ಹೊತ್ತಾದವನನ್ನು ಅಲ್ಲಿ ಹುಡುಕುವುದರಲ್ಲಿ ಅರ್ಥವಿರಲಿಲ್ಲ. ಒಳಗೆ ಬಂದು ಹಾಜರಿ ನೋಡಿದೆ. ಅಲ್ಲಲ್ಲಿ ಖಾಲಿ ಕುರ್ಚಿಗಳಿದ್ದವು, ಎಲ್ಲ ಪರೀಕ್ಷೆಯಲ್ಲೂ ಇರುತ್ತವೆ. ಅವುಗಳಲ್ಲಿ ಯಾವುದು ಅವನದು ಎಂದು ಹೇಳುವವರಿರಲಿಲ್ಲ. ನಡೆದದ್ದನ್ನೆಲ್ಲ ಕಂಪನಿಗೆ ತಿಳಿಸಿದೆ. ಗಮನಿಸಲಾಗಿದೆ ಎಂದರು. ಅವನಿಗೂ ಅದೇ ಕಡೆಯ ಸಲವಾಗಿತ್ತೋ ಏನೋ. ತಾನೇ ತಡಮಾಡಿದೆ ಎಂದುಕೊಂಡು ಮನೆಗೆ ಹೋಗಿರಬೇಕು, ಹಾಗೆಯೇ ಮನೆಯವರಿಗೆ ಹೇಳಿರಬೇಕು, ಬೈಸಿಕೊಂಡಿರಬೇಕು.

ಬಿಜ್ಜರಗಿಯವಳಿಗೆ ನೌಕರಿ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ, ಫಲಿತಾಂಶ ನಮ್ಮ ಕೈಗೆ ಬರುವುದಿಲ್ಲ. ಅವಳ ನೆನಪಾದರೆ ಸಂತೋಷವಾಗುತ್ತದೆ. ಸಂಕಟ ಕೊಡುವವನು ಆ ಬೈಕಿನವನು. ನಾನು ಕೈಗಡಿಯಾರವನ್ನು ಸರಿಮಾಡಿಕೊಂಡೆ. ಮನೆಯದಕ್ಕೆ ಕೈ ಹಚ್ಚಹೋದಾಗ ಅವ್ವ, "ಮುಟ್ಟಿದ್ರ ಕೈ ಮುರೀತೇನಿ ಬೇ" ಎಂದದ್ದರಿಂದ ಅದು ಇನ್ನೂ ಮುಂದೆಯೇ ಇದೆ.

ಈಗ ಯಾವ ಊರಿನ ಕೇಂದ್ರಕ್ಕೆ ಹೋದರೂ ಕಾರ್ಡು ಲಾಗಿನ್ ಆದ ಮೇಲೆ ನಾನು ಗೇಟಿಗೆ ಹೋಗಿ ನಿಲ್ಲುತ್ತೇನೆ. ಸರ್ವರಿನ ಸಮಯಕ್ಕೆ ಕೂಡಿಸಿದ ಗಡಿಯಾರವನ್ನು ಕೈಯಲ್ಲಿ ಹಿಡಿದು, ರಸ್ತೆಯ ಎರಡೂ ಕಡೆ ನೋಡುತ್ತೇನೆ. ಒದರುವವರು ಹೇಗಾದರೂ ಒಳಗೆ ಬರುತ್ತಾರೆ. ದೂರದಲ್ಲಿ ಒಂದು ಬೈಕು ಕಂಡರೆ ಸಾಕು, ಕೈ ಬೀಸಿ ಕರೆಯುತ್ತೇನೆ.

"ಮೇಡಮ್ಮಾರ, ಇನ್ನ ಯಾರೂ ಇಲ್ರಿ. ಹಾಕ್ಲ್ಯಾ?" ಎಂದು ಕೇಳುತ್ತಾರೆ ಅಲ್ಲಿಯ ಸಿಪಾಯಿಗಳು.

"ತಡೀರಿ" ಎನ್ನುತ್ತೇನೆ. "ಟೈಮ್ ಇನ್ನ ಐತಿ."